400 ಬೋರ್ಡ್‌ಗಳಿಗೆ ಫರ್ಮ್‌ವೇರ್ ತುಂಬಬೇಕು: ಜಿಗ್ ಮಾಡುವುದೋ, ಚಿಪ್‌ಗೇ ಮೊದಲು ಬರೆಸುವುದೋ?

ರೀಸೆಟ್‌ಬಟನ್:

ನಮಸ್ಕಾರ. ಬ್ಯಾಟರಿಯಲ್ಲಿ ಓಡುವ ಒಂದು ಸೆನ್ಸರ್ ಬೋರ್ಡ್. ಚಿಪ್ ಎಸ್‌ಟಿಎಂ32ಜಿ071ಸಿಬಿ, 48 ಕಾಲಿನ ಎಲ್‌ಕ್ಯೂಎಫ್‌ಪಿ, 128 ಕೆಬಿ ಫ್ಲ್ಯಾಶ್. ಫರ್ಮ್‌ವೇರ್ ಸುಮಾರು 90 ಕೆಬಿ. ಮೊದಲ ಕಂತಿಗೆ 400 ಬೋರ್ಡ್, ಆಮೇಲೆ ಬೇಡಿಕೆ ನೋಡಿಕೊಂಡು ನೂರು ಇನ್ನೂರರಂತೆ. ಬೋರ್ಡ್ ಅಳತೆ 40 × 60 ಮಿ.ಮೀ, ದಪ್ಪ 1.6 ಮಿ.ಮೀ.

ಮಾದರಿ ಬೋರ್ಡ್‌ಗಳಿಗೆ ಎಸ್‌ಟಿ-ಲಿಂಕ್ ಪ್ರೋಗ್ರಾಮರ್‌ನಿಂದ ಜಂಪರ್ ತಂತಿ ಎಳೆದು ಪ್ರೋಗ್ರಾಂ ಹಾಕುತ್ತಿದ್ದೇನೆ. 400ಕ್ಕೆ ಅದು ಆಗದ ಮಾತು. ಪ್ರತಿ ಬೋರ್ಡ್‌ಗೂ ಬೇರೆ ಸೀರಿಯಲ್ ನಂಬರ್ ಬೇಕು, ಅದೇ ನಂಬರ್ ಲೇಬಲ್ ಮೇಲೂ ಬರಬೇಕು. ಫರ್ಮ್‌ವೇರನ್ನು ಯಾರೂ ಸುಲಭವಾಗಿ ಓದಿಕೊಳ್ಳಬಾರದು.

ನನಗೆ ಕಾಣುವ ದಾರಿ ಮೂರು: ಚಿಪ್ ಮಾರುವವರಿಂದಲೇ ಬರೆಸಿ ತರಿಸುವುದು, ಅಸೆಂಬ್ಲಿಯವರಿಗೆ ಒಪ್ಪಿಸುವುದು, ಪೋಗೊ ಪಿನ್ (ಸ್ಪ್ರಿಂಗ್ ಇರುವ ಸಂಪರ್ಕ ಪಿನ್) ಜಿಗ್, ಅಂದರೆ ಬೋರ್ಡ್ ಕೂರಿಸುವ ಚೌಕಟ್ಟು, ಮಾಡಿ ನಾವೇ ಹಾಕುವುದು. ಲೇಔಟ್ ಇನ್ನೂ ಕಳುಹಿಸಿಲ್ಲ, ಪ್ಯಾಡ್ ಸೇರಿಸಲು ಜಾಗ ಇದೆ. ಯಾವುದು ಸರಿ? ಒಂದೇ ಜಿಗ್‌ನಲ್ಲಿ 400 ಮುಗಿಯುತ್ತವೆಯೇ, ಅಥವಾ ಗ್ಯಾಂಗ್ ಪ್ರೋಗ್ರಾಮರ್ (ಒಮ್ಮೆಗೆ ಹಲವು ಬೋರ್ಡ್‌ಗೆ ಬರೆಯುವ ಸಾಧನ) ಬೇಕೇ?

---

ಬೆಸುಗೆಕಡ್ಡಿ:

ಲೇಔಟ್ ಕಳುಹಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಅರ್ಧ ಕೆಲಸ ಅಲ್ಲೇ ಇರುವುದು.

ಮೊದಲು ವೇಗದ ಲೆಕ್ಕ. ಜಿ0 ಸರಣಿಯ ಫ್ಲ್ಯಾಶ್‌ಗೆ ಒಮ್ಮೆಗೆ 64 ಬಿಟ್ ಬರೆಯಲು ಸುಮಾರು 85 ಮೈಕ್ರೊಸೆಕೆಂಡ್. 128 ಕೆಬಿ ಅಂದರೆ 16,384 ಸಲ, ಒಟ್ಟು ಒಂದೂವರೆ ಸೆಕೆಂಡಿನ ಒಳಗೆ. ಅಳಿಸುವುದು, ವೆರಿಫೈ (ಬರೆದದ್ದನ್ನು ಓದಿ ಹೋಲಿಸುವುದು), ಯುಎಸ್‌ಬಿ ತಡ ಎಲ್ಲ ಸೇರಿದರೂ ಐದಾರು ಸೆಕೆಂಡ್ ಎಂದಿಟ್ಟುಕೊಳ್ಳಿ. ಬೋರ್ಡ್ ಎತ್ತಿ ಇಡುವುದು, ಕ್ಲ್ಯಾಂಪ್ ಒತ್ತುವುದು, ಲೇಬಲ್ ಅಂಟಿಸುವುದು ಸೇರಿ ಒಂದಕ್ಕೆ 30 ಸೆಕೆಂಡ್ ಹಿಡಿದರೆ 400 ಬೋರ್ಡ್‌ಗೆ 3 ಗಂಟೆ 20 ನಿಮಿಷ. ಗ್ಯಾಂಗ್ ಪ್ರೋಗ್ರಾಮರ್ ಉಳಿಸುವುದು ಆ ಐದಾರು ಸೆಕೆಂಡಿನಲ್ಲಿ ಒಂದು ಪಾಲನ್ನು ಮಾತ್ರ. ಈ ಪ್ರಮಾಣಕ್ಕೆ ಒಂದು ಜಿಗ್, ಅದರ ಪಕ್ಕದಲ್ಲಿ ತುರ್ತಿಗೆಂದು ಇನ್ನೊಂದು ಪ್ರೋಗ್ರಾಮರ್ ಧಾರಾಳವಾಗಿ ಸಾಕು.

ಪ್ಯಾಡ್‌ಗಳು. ಏಳು ಹಾಕಿ: 3.3 ವೋಲ್ಟ್, ಗ್ರೌಂಡ್ ಎರಡು, ಎಸ್‌ಡಬ್ಲ್ಯೂಡಿಐಓ (ಪ್ರೋಗ್ರಾಂ ಹಾಕುವ ಎಸ್‌ಡಬ್ಲ್ಯೂಡಿ ಸಂಪರ್ಕದ ಡೇಟಾ), ಎಸ್‌ಡಬ್ಲ್ಯೂಸಿಎಲ್‌ಕೆ (ಅದರ ಕ್ಲಾಕ್), ಎನ್‌ಆರ್‌ಎಸ್‌ಟಿ (ರೀಸೆಟ್), ಯುಆರ್ಟ್ ಟಿಎಕ್ಸ್ (ಬೋರ್ಡ್ ಸೀರಿಯಲ್ ಆಗಿ ಅಕ್ಷರ ಕಳುಹಿಸುವ ಸಾಲು). ವ್ಯಾಸ 1.5 ಮಿ.ಮೀ, ನಡುವಿನ ಅಂತರ 2.54 ಮಿ.ಮೀ. ಜಾಗ ಇಲ್ಲದಿದ್ದರೆ 1 ಮಿ.ಮೀ ವ್ಯಾಸಕ್ಕೆ ಇಳಿಯಬಹುದು, ಆದರೆ ಆಗ ಜಿಗ್‌ನ ನಿಖರತೆ ಹೆಚ್ಚಬೇಕು. ಎಲ್ಲವೂ ಒಂದೇ ಬದಿಯಲ್ಲಿರಲಿ. ಎತ್ತರದ ಕಾಂಪೊನೆಂಟ್ ಇಲ್ಲದ ಬದಿಯಾದರೆ ಇನ್ನೂ ಒಳ್ಳೆಯದು.

ರೀಸೆಟ್ ಪ್ಯಾಡ್ ಬೇಡ ಎಂದು ಬಿಡಬೇಡಿ. ನಿಮ್ಮದು ಬ್ಯಾಟರಿ ಬೋರ್ಡ್, ಫರ್ಮ್‌ವೇರ್ ಎದ್ದ ಕೂಡಲೇ ಸ್ಟಾಪ್ ಮೋಡ್‌ಗೆ (ಗಾಢ ನಿದ್ದೆಗೆ) ಹೋಗುತ್ತದೆ. ಖಾಲಿ ಚಿಪ್‌ಗೆ ರೀಸೆಟ್ ಇಲ್ಲದೆಯೂ ಬರೆಯಬಹುದು. ಎರಡನೇ ಸಲ ಬರೆಯಲು ಹೋದಾಗ ಪ್ರೋಗ್ರಾಮರ್‌ಗೆ ಚಿಪ್ ಸಿಗುವುದೇ ಇಲ್ಲ. ರೀಸೆಟ್ ಹಿಡಿದುಕೊಂಡೇ ಸಂಪರ್ಕಿಸುವ ಆಯ್ಕೆ ಕೆಲಸ ಮಾಡಬೇಕಾದರೆ ಆ ತಂತಿ ಇರಲೇಬೇಕು. ಇನ್ನೊಂದು ಮಾತು: ಅಗ್ಗದ ಎಸ್‌ಟಿ-ಲಿಂಕ್ ನಕಲುಗಳಲ್ಲಿ ರೀಸೆಟ್ ಎಂದು ಬರೆದ ಪಿನ್ ಅನೇಕ ವೇಳೆ ಎಸ್‌ಟಿಎಂ8 ಚಿಪ್‌ಗೆ ಮಾತ್ರ ಜೋಡಿಸಿರುತ್ತಾರೆ, ಎಸ್‌ಟಿಎಂ32ಕ್ಕೆ ಅದು ಬರೀ ಅಲಂಕಾರ. ಉತ್ಪಾದನೆಗೆ ಅಸಲಿ ಎಸ್‌ಟಿ-ಲಿಂಕ್ ವಿ3 ತೆಗೆದುಕೊಳ್ಳಿ. ಅಸಲಿಯಲ್ಲಿ ಟಾರ್ಗೆಟ್ ವೋಲ್ಟೇಜ್ ಪಿನ್ ಅಳೆಯುವುದಕ್ಕೆ ಮಾತ್ರ, ಅದು ಪವರ್ ಕೊಡುವುದಿಲ್ಲ. ನಕಲಿನ 3.3 ವೋಲ್ಟ್ ಪಿನ್ ಪವರ್ ಕೊಡುತ್ತದೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವವರು ಇಲ್ಲೇ ಎಡವುತ್ತಾರೆ.

ಪ್ಯಾಡ್‌ನ ಲೇಪನವನ್ನೂ ನೋಡಿ. ಚಿನ್ನದ ಲೇಪನ ಅಥವಾ ತವರದ ಲೇಪನ ಇದ್ದರೆ ಪ್ಯಾಡ್ ಹಾಗೇ ಬಿಡಿ, ಬೆಸುಗೆ ಪೇಸ್ಟ್ ಹಚ್ಚುವ ಸ್ಟೆನ್ಸಿಲ್‌ನಲ್ಲಿ ತೂತು ಬೇಡ. ಬರೀ ಓಎಸ್‌ಪಿ (ತಾಮ್ರದ ಮೇಲಿನ ತೆಳು ಸಾವಯವ ಪದರ) ಆದರೆ ರಿಫ್ಲೋ (ಬೆಸುಗೆ ಒಲೆಯ) ಬಿಸಿಗೆ ಆ ಪದರ ಕೆಟ್ಟು ತಾಮ್ರ ಕಪ್ಪಾಗುತ್ತದೆ. ಅಲ್ಲಿ ಪ್ಯಾಡ್ ಮೇಲೂ ಪೇಸ್ಟ್ ಹಾಕಿಸಬೇಕು.

ಜೋಡಣೆಯ ತೂತು. ಎದುರು ಮೂಲೆಗಳಲ್ಲಿ ಎರಡು, 3 ಮಿ.ಮೀ, ಒಳಗೆ ತಾಮ್ರ ಇಲ್ಲದ ತೂತು. ತಾಮ್ರ ಲೇಪಿಸಿದ ತೂತಿನ ಅಂತಿಮ ಅಳತೆ ಹೆಚ್ಚು ಕಡಿಮೆ ಆಗುವುದು ಜಾಸ್ತಿ. ಬೋರ್ಡ್‌ನ ಅಂಚನ್ನು ನೆಚ್ಚಿಕೊಂಡು ಜಿಗ್ ಮಾಡಬೇಡಿ. ವಿ-ಸ್ಕೋರ್ (ಬೋರ್ಡ್ ಬಿಡಿಸಲು ಕೊರೆದ ಗೀರು) ಮುರಿದ ಅಂಚಿನಲ್ಲಿ ಚೂರು ಉಳಿದಿರುತ್ತದೆ, ಒಂದೊಂದು ಬೋರ್ಡ್ ಒಂದೊಂದು ಕಡೆಗೆ ಸರಿದು ಕೂರುತ್ತದೆ. ತೂತುಗಳನ್ನು ತಮ್ಮ ಮೂಲೆಗಳಿಂದ ಒಂದೇ ದೂರದಲ್ಲಿಡದೆ ಒಂದನ್ನು ಸ್ವಲ್ಪ ಸರಿಸಿ ಇಟ್ಟರೆ ಬೋರ್ಡ್ ತಿರುಗುಮುರುಗಾಗಿ ಕೂರುವುದೂ ತಪ್ಪುತ್ತದೆ.

ಪಿನ್. ಪಿ75 ಅಳತೆಯ ಪೋಗೊ ಪಿನ್, ಹೊರವ್ಯಾಸ 1.02 ಮಿ.ಮೀ. ಪಿನ್ ನೇರವಾಗಿ ಬೆಸೆಯಬೇಡಿ, ಅದಕ್ಕೆ ಹೊಂದುವ ಆರ್75 ಸಾಕೆಟ್ ಬೆಸೆದು ಪಿನ್ ಒಳಗೆ ತೂರಿಸಿ. ಸವೆದ ಪಿನ್ನನ್ನು ಇಕ್ಕಳದಿಂದ ಎಳೆದು ಹೊಸದು ಹಾಕಿದರೆ ಮುಗಿಯಿತು. ತುದಿ ಚೂಪಾಗಿರಲಿ. ಕಿರೀಟದಂಥ ತುದಿ ಕಾಂಪೊನೆಂಟ್ ಕಾಲಿಗೆ ಒಳ್ಳೆಯದು, ಗುಂಡು ತುದಿ ಚಿನ್ನದ ಪ್ಯಾಡ್‌ಗೆ ಗುರುತು ಬೀಳಬಾರದೆಂದರೆ ಮಾತ್ರ. ನೋ-ಕ್ಲೀನ್ ಫ್ಲಕ್ಸ್‌ನ ತೆಳು ಪದರವನ್ನು ಸೀಳಿ ಹೋಗುವುದು ಚೂಪು ತುದಿಯೇ.

ಜಿಗ್‌ನ ಶರೀರಕ್ಕೆ ಎರಡು ಪಿಸಿಬಿ ಮಾಡಿಸಿ. ನಿಮ್ಮ ಬೋರ್ಡ್‌ನ ಕಡತದಿಂದಲೇ ಪ್ಯಾಡ್ ನಿರ್ದೇಶಾಂಕ ತೆಗೆದುಕೊಂಡು ಅದೇ ಜಾಗದಲ್ಲಿ 1.35ರಿಂದ 1.4 ಮಿ.ಮೀ ತೂತು, ಎರಡೂ ಹಲಗೆಯಲ್ಲಿ. ನಡುವೆ 10 ಮಿ.ಮೀ ಸ್ಟ್ಯಾಂಡ್‌ಆಫ್. ಎರಡು ಹಲಗೆ ಇದ್ದರೆ ಸಾಕೆಟ್ ನೆಟ್ಟಗೆ ನಿಲ್ಲುತ್ತದೆ. ಒಂದೇ ಹಲಗೆಯಲ್ಲಿ ಬೆಸೆದರೆ ಪ್ರತಿ ಪಿನ್ನೂ ಒಂದೊಂದು ಕಡೆಗೆ ವಾಲುತ್ತದೆ, ತುದಿಯಲ್ಲಿ ಅರ್ಧ ಮಿ.ಮೀ ತಪ್ಪುವುದು ಏನೂ ಕಷ್ಟವಲ್ಲ. ಮೇಲಿನಿಂದ ಟಾಗಲ್ ಕ್ಲ್ಯಾಂಪ್.

ಪಿನ್ ಪೂರ್ತಿ ಒತ್ತುವ ದೂರ 2.65 ಮಿ.ಮೀ ಇದ್ದರೆ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 1.75 ಮಿ.ಮೀ ಮಾತ್ರ ಒತ್ತುವಂತೆ ತಡೆ ಇಡಿ. ತಳಕ್ಕೆ ತಾಗುವಷ್ಟು ಒತ್ತಿದರೆ ಸ್ಪ್ರಿಂಗ್ ಬೇಗ ಸಾಯುತ್ತದೆ. ಪಿನ್ ಒಂದಕ್ಕೆ ಸುಮಾರು 100 ಗ್ರಾಂ ಬಲ, ಏಳಕ್ಕೆ 700 ಗ್ರಾಂ. ಪ್ಯಾಡ್‌ಗಳೆಲ್ಲ ಒಂದೇ ಮೂಲೆಯಲ್ಲಿದ್ದು ಕ್ಲ್ಯಾಂಪ್ ನಡುವೆ ಒತ್ತಿದರೆ ಆ ಮೂಲೆ ಮೇಲೇಳುತ್ತದೆ. ಒತ್ತುವ ಕಂಬ ಪ್ಯಾಡ್ ಗುಂಪಿನ ನೇರ ಹಿಂದೆ ಬರಲಿ, ಸೆರಾಮಿಕ್ ಕೆಪಾಸಿಟರ್ ಮೇಲೆ ಮಾತ್ರ ಬೇಡ. ಬಿರುಕು ಬಿಟ್ಟ ಕೆಪಾಸಿಟರ್ ಅವತ್ತೇ ತೊಂದರೆ ಕೊಡುವುದಿಲ್ಲ, ಗಿರಾಕಿಯ ಮನೆಯಲ್ಲಿ ಕೊಡುತ್ತದೆ.

ಪ್ರೋಗ್ರಾಮರ್‌ನಿಂದ ಜಿಗ್‌ಗೆ ಹೋಗುವ ತಂತಿ 15 ಸೆಂ.ಮೀ ದಾಟದಿರಲಿ, ಕ್ಲಾಕ್ ಪಕ್ಕದಲ್ಲಿ ಗ್ರೌಂಡ್ ಓಡಲಿ. ಸಂಪರ್ಕ ಆಗುತ್ತದೆ, ವೆರಿಫೈ ಮಾತ್ರ ಒಮ್ಮೊಮ್ಮೆ ಬೇರೆ ಬೇರೆ ವಿಳಾಸದಲ್ಲಿ ಸೋಲುತ್ತದೆ ಎಂದಾದರೆ ತಂತಿ ಅಥವಾ ಪವರ್ ಕಾರಣ. ಕ್ಲಾಕನ್ನು 1 ಮೆಗಾಹರ್ಟ್ಸ್‌ಗೆ ಇಳಿಸಿ ನೋಡಿ, 33 ಓಮ್ ರೆಸಿಸ್ಟರನ್ನು ಕ್ಲಾಕ್ ಸಾಲಿನಲ್ಲಿ ಪ್ರೋಗ್ರಾಮರ್ ಬದಿಗೆ ಹಾಕಿ ನೋಡಿ. ಚಿಪ್ ಸಿಗುವುದೇ ಇಲ್ಲ, ಬೋರ್ಡ್ ಎತ್ತಿ ಮತ್ತೆ ಇಟ್ಟರೆ ಸಿಗುತ್ತದೆ ಎಂದರೆ ಪಿನ್ ತುದಿಗೆ ಫ್ಲಕ್ಸ್ ಅಂಟಿದೆ. ಗಟ್ಟಿ ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಎರಡು ನಿಮಿಷದ ಕೆಲಸ. ಇದನ್ನು ನೂರು ಬೋರ್ಡ್‌ಗೊಮ್ಮೆ ನಿಯಮ ಮಾಡಿಕೊಳ್ಳಿ, ಸೋಲುವುದನ್ನು ಕಾಯಬೇಡಿ.

---

ಹೆಕ್ಸ್‌ಕಡತ:

ಜಿಗ್ ವಿಷಯದಲ್ಲಿ ಮೇಲಿನ ಮಾತಿಗೆ ನನ್ನ ಒಪ್ಪಿಗೆ ಇದೆ. ಉಳಿದೆರಡು ದಾರಿಯ ಬಗ್ಗೆ ಹೇಳುತ್ತೇನೆ.

ಚಿಪ್ ಬರೆಸಿ ತರಿಸುವುದು: ಮೈಕ್ರೊಚಿಪ್ ತನ್ನ ಚಿಪ್‌ಗಳಿಗೆ ತಾನೇ ಈ ಸೇವೆ ಕೊಡುತ್ತದೆ, ದೊಡ್ಡ ವಿತರಕರಲ್ಲೂ ಇದೆ. ನೀವು ಹೆಕ್ಸ್ ಕಡತ (ವಿಳಾಸ ಸಮೇತ ಫರ್ಮ್‌ವೇರ್) ಕೊಡುತ್ತೀರಿ, ಅವರು ಕೆಲವು ಮಾದರಿ ಚಿಪ್ ಕಳುಹಿಸುತ್ತಾರೆ, ನೀವು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ ಉಳಿದದ್ದು ಬರೆದು ಮತ್ತೆ ರೀಲ್‌ಗೆ ಸುತ್ತಿ ಬರುತ್ತದೆ. ಸಾವಿರಗಟ್ಟಲೆ ಬೋರ್ಡ್, ಸ್ಥಿರವಾದ ಫರ್ಮ್‌ವೇರ್, ಬೋರ್ಡ್‌ನಲ್ಲಿ ಪ್ಯಾಡ್‌ಗೆ ಜಾಗವೇ ಇಲ್ಲ ಎಂದಿದ್ದರೆ ಇದು ಚೆನ್ನ. ನಿಮ್ಮದು ಹೊಸ ಬೋರ್ಡ್, ಮೊದಲ ಕಂತು. 400 ಚಿಪ್ ಬರೆಸಿ ತಂದ ಮೇಲೆ ಒಂದು ದೋಷ ಕಂಡರೆ? ಆಗ ಜಿಗ್ ಹೇಗೂ ಬೇಕಾಗುತ್ತದೆ. ಈ ದಾರಿ ಹಿಡಿಯಲೇಬೇಕೆಂದರೆ ಚಿಪ್‌ಗೆ ಬೂಟ್‌ಲೋಡರ್ (ಮುಖ್ಯ ಫರ್ಮ್‌ವೇರನ್ನು ತುಂಬಿಕೊಳ್ಳುವ ಪುಟ್ಟ ಪ್ರೋಗ್ರಾಂ) ಮಾತ್ರ ಬರೆಸಿ, ಮುಖ್ಯ ಫರ್ಮ್‌ವೇರನ್ನು ಕೊನೆಯ ಪರೀಕ್ಷೆಯಲ್ಲಿ ಯುಆರ್ಟ್ ಮೂಲಕ ತುಂಬಿ.

ಸಾಕೆಟ್ ಕೊಂಡು ನಾವೇ ಚಿಪ್‌ಗೆ ಬರೆದುಬಿಡುತ್ತೇವೆ, ಆಮೇಲೆ ಅಸೆಂಬ್ಲಿಗೆ ಕೊಡುತ್ತೇವೆ ಎಂಬ ಯೋಚನೆ ಆಗಾಗ ಬರುತ್ತದೆ. 0.5 ಮಿ.ಮೀ ಅಂತರದ 48 ಕಾಲುಗಳನ್ನು ಟೇಪ್‌ನಿಂದ ತೆಗೆದು, ಸಾಕೆಟ್‌ಗೆ ಹಾಕಿ, ಮತ್ತೆ ಟ್ರೇಗೆ ಇಡುವಾಗ ಕಾಲು ಬಾಗುತ್ತದೆ. ಬಾಗಿದ ಕಾಲು ಪೇಸ್ಟ್‌ಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೇವದ ಲೆಕ್ಕವೂ ಇದೆ. ಎಂಎಸ್‌ಎಲ್ 3 (ತೇವಕ್ಕೆ ಎಷ್ಟು ಸೂಕ್ಷ್ಮ ಎಂಬ) ದರ್ಜೆಯ ಚಿಪ್ ಚೀಲ ಒಡೆದ ಮೇಲೆ 168 ಗಂಟೆಯೊಳಗೆ ರಿಫ್ಲೋ ಆಗಬೇಕು, ತಪ್ಪಿದರೆ ಬೇಕ್ ಮಾಡಬೇಕು. ಟೇಪ್ ಕತ್ತರಿಸಿ ಬಿಡಿ ಚಿಪ್ ಕೊಟ್ಟರೆ ಪಿಕ್-ಅಂಡ್-ಪ್ಲೇಸ್ ಯಂತ್ರದವರೂ ಗೊಣಗುತ್ತಾರೆ. 8 ಕಾಲಿನ ಡಿಪ್ ಚಿಪ್ ಆದರೆ ಸಾಕೆಟ್ ಸರಿ, ಇದಕ್ಕೆ ಬೇಡ.

ಅಸೆಂಬ್ಲಿಯವರಿಗೆ ಒಪ್ಪಿಸುವುದು: ಇದು ಒಳ್ಳೆಯ ದಾರಿಯೇ, ಆದರೆ "ಹೆಕ್ಸ್ ಕಡತ ಮೇಲ್ ಮಾಡಿದ್ದೇನೆ, ಹಾಕಿಬಿಡಿ" ಅಂದರೆ ಕೆಡುತ್ತದೆ. ಜಿಗ್ಗನ್ನು ನೀವೇ ಮಾಡಿ ಕಳುಹಿಸಿ. ಜೊತೆಗೆ ಪ್ರೋಗ್ರಾಮರ್, ಹತ್ತು ಬಿಡಿ ಪಿನ್, ಪಾಸ್ ಆಗಲೇಬೇಕಾದ ಒಂದು ಬೋರ್ಡ್, ಫೇಲ್ ಆಗಲೇಬೇಕಾದ ಒಂದು ಬೋರ್ಡ್. ಫೇಲ್ ಬೋರ್ಡ್ ಯಾಕೆಂದರೆ, ಸ್ಕ್ರಿಪ್ಟ್ ಎಲ್ಲಕ್ಕೂ ಹಸಿರು ತೋರಿಸುತ್ತಿದ್ದರೆ ಅದರಿಂದಲೇ ಗೊತ್ತಾಗುವುದು. ಪಾಳಿ ಶುರುವಾಗುವಾಗ ಎರಡನ್ನೂ ಒಮ್ಮೆ ಒತ್ತಿ ನೋಡಲಿ. ಕಡತದ ಎಸ್‌ಎಚ್‌ಎ-256 ಮೊತ್ತವನ್ನು (ಕಡತ ಬದಲಾಗಿಲ್ಲ ಎಂದು ತಿಳಿಸುವ ಗುರುತು) ಆರ್ಡರ್ ಕಾಗದದ ಮೇಲೆ ಬರೆಯಿರಿ. ಕಡತದ ಹೆಸರಿನಲ್ಲಿ ಬೋರ್ಡ್ ಆವೃತ್ತಿ, ಫರ್ಮ್‌ವೇರ್ ಆವೃತ್ತಿ ಎರಡೂ ಇರಲಿ. "ಕೊನೆಯದು", "ಹೊಸಕೊನೆಯದು" ಎಂಬ ಹೆಸರುಗಳನ್ನು ಮೂರನೆಯವರು ಊಹಿಸಲಾರರು. ಲಾಗ್ ಕಡತ ವಾಪಸ್ ಬರಬೇಕು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಬಿನ್ ಕಡತ ಕೊಡಬೇಡಿ, ಹೆಕ್ಸ್ ಕೊಡಿ. ಬಿನ್‌ನಲ್ಲಿ ವಿಳಾಸ ಇರುವುದಿಲ್ಲ, ಕೂರಿಸುವವರು ತಪ್ಪು ವಿಳಾಸ ಬೆರಳಚ್ಚಿಸಿದರೆ ವೆರಿಫೈ ಕೂಡ ಪಾಸ್ ಆಗುತ್ತದೆ, ಬೋರ್ಡ್ ಮಾತ್ರ ಸತ್ತಂತೆ ಇರುತ್ತದೆ. ಬೂಟ್‌ಲೋಡರ್, ಮುಖ್ಯ ಫರ್ಮ್‌ವೇರ್ ಎರಡಿದ್ದರೆ ಒಂದೇ ಹೆಕ್ಸ್ ಆಗಿ ಮೊದಲೇ ಬೆಸೆದುಕೊಡಿ.

ಕಂಪ್ಯೂಟರ್ ಬೇಡವೆಂದರೆ ತಾನೇ ನಿಂತು ಕೆಲಸ ಮಾಡುವ ಪ್ರೋಗ್ರಾಮರ್ ಇವೆ: ಸೆಗ್ಗರ್‌ನ ಫ್ಲಾಷರ್ ಸಾಲು, ಪಿಐಸಿ ಚಿಪ್‌ಗಳಿಗೆ ಮೈಕ್ರೊ-ಎಸ್‌ಡಿ ಕಾರ್ಡ್ ಹಾಕಿದ ಪಿಕ್‌ಕಿಟ್ 4. ಒಂದು ಗುಂಡಿ, ಒಂದು ಹಸಿರು, ಒಂದು ಕೆಂಪು. ಆದರೆ ನಿಮಗೆ ಸೀರಿಯಲ್ ನಂಬರೂ ಲೇಬಲ್ಲೂ ಬೇಕು ಅಂದಿದ್ದೀರಿ, ಹಾಗಾಗಿ ಕಂಪ್ಯೂಟರ್ ಹೇಗೂ ಇರುತ್ತದೆ. ಅಂದಹಾಗೆ, ಜೆ-ಲಿಂಕ್‌ನ ಎಜು ಮಾದರಿಯ ಪರವಾನಗಿಯಲ್ಲಿ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ, ಮೇಜಿನ ಮೇಲೆ ಇದೆಯೆಂದು ಅದನ್ನೇ ಜಿಗ್‌ಗೆ ಹಾಕಬೇಡಿ.

---

ಮೂರನೇ_ಪಿನ್:

ಸೀರಿಯಲ್ ನಂಬರ್ ಭಾಗವನ್ನು ಎಲ್ಲರೂ ಕೊನೆಗೆ ಯೋಚಿಸುತ್ತಾರೆ, ಗೋಜಲಾಗುವುದು ಅಲ್ಲೇ. ಕ್ರಮ ಹೀಗಿರಲಿ.

ಜಿ071ರ ಫ್ಲ್ಯಾಶ್ 2 ಕೆಬಿಯ 64 ಪುಟ. ಕೊನೆಯ ಪುಟವನ್ನು ಸೀರಿಯಲ್ ನಂಬರ್, ಬೋರ್ಡ್ ಆವೃತ್ತಿ, ಕ್ಯಾಲಿಬ್ರೇಷನ್‌ಗೆಂದು ಮೀಸಲಿಡಿ. ಲಿಂಕರ್ ಕಡತದಲ್ಲಿ (ಮೆಮೊರಿ ಹಂಚಿಕೆ ಹೇಳುವ ಕಡತ) ಫ್ಲ್ಯಾಶ್ ಉದ್ದವನ್ನು 126 ಕೆಬಿ ಎಂದೇ ಬರೆಯಿರಿ, ಆಗ ಫರ್ಮ್‌ವೇರ್ ಬೆಳೆದು ಅಲ್ಲಿಗೆ ಬಂದರೆ ಲಿಂಕರೇ ಕೂಗುತ್ತದೆ. ಈ ಚಿಪ್ 64 ಬಿಟ್‌ಗೊಂದು ಇಸಿಸಿ (ತಪ್ಪು ತಿದ್ದುವ ಸಂಕೇತ) ಇಟ್ಟುಕೊಳ್ಳುತ್ತದೆ. ಒಮ್ಮೆ ಬರೆದ 8 ಬೈಟ್‌ನೊಳಗೆ ಉಳಿದ ಖಾಲಿ ಬೈಟ್‌ಗಳಿಗೆ ಆಮೇಲೆ ಬರೆಯುತ್ತೇನೆ ಅಂದರೆ ಆಗುವುದಿಲ್ಲ, ಪುಟವನ್ನೇ ಅಳಿಸಬೇಕು. ಆದ್ದರಿಂದ ಸೀರಿಯಲ್‌ಗೆ 8 ಬೈಟ್, ಕ್ಯಾಲಿಬ್ರೇಷನ್‌ಗೆ ಬೇರೆ 8ರ ಗುಣಕ, ಹೀಗೆ ಗೆರೆ ಹಾಕಿಕೊಳ್ಳಿ.

ಸ್ಕ್ರಿಪ್ಟ್ ಮೊದಲು ಚಿಪ್‌ನ 96 ಬಿಟ್ ಗುರುತುಸಂಖ್ಯೆ ಓದಬೇಕು. ಅದನ್ನು ಡೇಟಾಬೇಸ್‌ನಲ್ಲಿ ಹುಡುಕಬೇಕು, ಎಸ್‌ಕ್ಯೂಲೈಟ್ ಸಾಕು. ಇದ್ದರೆ ಹಳೆಯ ಸೀರಿಯಲ್ಲನ್ನೇ ಕೊಡಬೇಕು, ಇಲ್ಲದಿದ್ದರೆ ಮಾತ್ರ ಹೊಸದು. ಹೀಗೆ ಮಾಡದಿದ್ದರೆ ದುರಸ್ತಿಯಾಗಿ ಮರಳಿ ಬಂದ ಬೋರ್ಡ್‌ಗೆ ಎರಡನೇ ನಂಬರ್ ಬೀಳುತ್ತದೆ, ಅದರ ಮೇಲಿನ ಲೇಬಲ್ ಹಳೆಯದೇ ಇರುತ್ತದೆ. ನಂಬರ್ ಕೊಟ್ಟ ಕೂಡಲೇ "ಶುರು" ಎಂದು ಸಾಲು ಬರೆಯಬೇಕು, ಎಲ್ಲ ಮುಗಿದ ಮೇಲೆ "ಪಾಸ್". ನಡುವೆ ಕರೆಂಟ್ ಹೋದರೂ ಒಂದೇ ನಂಬರ್ ಇಬ್ಬರಿಗೆ ಹೋಗುವುದಿಲ್ಲ. ಲೇಬಲ್ ಮುದ್ರಣ ಪಾಸ್ ಆದ ನಂತರವೇ. ಮೊದಲೇ 400 ಲೇಬಲ್ ಮುದ್ರಿಸಿ ಇಟ್ಟುಕೊಂಡು ಸಾಲಾಗಿ ಅಂಟಿಸುತ್ತಾ ಹೋದರೆ, ಎಲ್ಲೋ ಒಂದು ಬೋರ್ಡ್ ಫೇಲ್ ಆದ ಕ್ಷಣದಿಂದ ಮುಂದಿನದೆಲ್ಲ ಒಂದು ಮನೆ ತಪ್ಪು.

ಎರಡು ಮೇಜಿನಲ್ಲಿ ಕೆಲಸ ನಡೆಯುವುದಾದರೆ ನಂಬರ್ ವ್ಯಾಪ್ತಿಯನ್ನೇ ಬೇರೆ ಮಾಡಿ. ನೆಟ್‌ವರ್ಕ್ ಮೂಲಕ ಒಂದೇ ಡೇಟಾಬೇಸ್ ಹಂಚಿಕೊಳ್ಳುವ ಸಾಹಸ 400 ಬೋರ್ಡ್‌ಗೆ ಬೇಡ.

ಫರ್ಮ್‌ವೇರ್ ಬರೆಯುವಾಗ ಪೂರ್ತಿ ಅಳಿಸುವ ಆಯ್ಕೆ ಹಾಕಬೇಡಿ, ಬೇಕಾದ ಪುಟ ಮಾತ್ರ ಅಳಿಸಲಿ. ಇಲ್ಲದಿದ್ದರೆ ಮರುಬರಹದಲ್ಲಿ ಕ್ಯಾಲಿಬ್ರೇಷನ್ ಹೋಗುತ್ತದೆ.

ಪ್ರೋಗ್ರಾಮರ್ ಸಾಧನ ಕೊಡುವ ನಿರ್ಗಮನ ಸಂಖ್ಯೆಯನ್ನು ನೋಡಿ ಪಾಸ್ ಅಥವಾ ಫೇಲ್ ತೀರ್ಮಾನಿಸಿ, ಪರದೆಯ ಮೇಲಿನ ಅಕ್ಷರ ಹುಡುಕಿ ಅಲ್ಲ. ಸಾಧನದ ಮುಂದಿನ ಆವೃತ್ತಿಯಲ್ಲಿ ಆ ವಾಕ್ಯ ಬದಲಾಗುತ್ತದೆ. ವೆರಿಫೈ ಪಾಸ್ ಆಯಿತು ಎಂದರೆ ಬೈಟ್‌ಗಳು ಸರಿಯಾಗಿ ಕೂತಿವೆ ಎಂದಷ್ಟೇ. ಬೋರ್ಡ್ ಓಡುತ್ತಿದೆ ಎಂಬುದಕ್ಕೆ ಸಾಕ್ಷಿ ಬೇಕು. ಫರ್ಮ್‌ವೇರ್ ಎದ್ದ ಕೂಡಲೇ ಯುಆರ್ಟ್‌ನಲ್ಲಿ ಒಂದು ಸಾಲು ಹೇಳಲಿ: ಆವೃತ್ತಿ, ಸೀರಿಯಲ್, ತನ್ನದೇ ಸಿಆರ್‌ಸಿ (ತಪಾಸಣೆ ಮೊತ್ತ), ಸೆನ್ಸರ್ ಸಿಕ್ಕಿತೋ ಇಲ್ಲವೋ, ಹೊರಗಿನ ಕ್ರಿಸ್ಟಲ್ ಎದ್ದಿತೋ ಇಲ್ಲವೋ. ಸ್ಕ್ರಿಪ್ಟ್ ಎರಡು ಸೆಕೆಂಡ್ ಕಾದು ಆ ಸಾಲನ್ನು ಹೋಲಿಸಿ ನೋಡಲಿ. ಬೋರ್ಡ್ ಜಿಗ್‌ನಲ್ಲಿ ಹೇಗೂ ಕೂತಿದೆ, ಪ್ರೋಗ್ರಾಂ ಒಂದು ಕಡೆ ಪರೀಕ್ಷೆ ಇನ್ನೊಂದು ಕಡೆ ಎಂದು ಎರಡು ಸಲ ಎತ್ತಿಡುವುದು ಏಕೆ?

---

ರೀಸೆಟ್‌ಬಟನ್:

ತುಂಬಾ ಉಪಕಾರ ಆಯಿತು. ಮಾದರಿ ಬೋರ್ಡ್ ಮೇಲೆ ಸ್ಕ್ರಿಪ್ಟ್ ಬರೆದು ನೋಡಿದೆ, ಒಂದು ವಿಚಿತ್ರ ಕಂಡಿತು. ಹೊಚ್ಚ ಹೊಸ ಚಿಪ್‌ಗೆ ಬರೆಯುತ್ತದೆ, ವೆರಿಫೈ ಸರಿ, ರೀಸೆಟ್ ಕೊಟ್ಟರೆ ಯುಆರ್ಟ್‌ನಲ್ಲಿ ಏನೂ ಬರುವುದಿಲ್ಲ. ಪವರ್ ತೆಗೆದು ಹಾಕಿದರೆ ಸರಿಯಾಗಿ ಓಡುತ್ತದೆ. ಅದೇ ಬೋರ್ಡ್‌ಗೆ ಎರಡನೇ ಸಲ ಬರೆದರೆ ಬರೀ ರೀಸೆಟ್ ಸಾಕು. ಚಿಪ್ ಎಲ್ಲಿಂದ ಎದ್ದೇಳಬೇಕೆಂದು ಹೇಳುವ ಬೂಟ್0 ಪಿನ್ ತೇಲುತ್ತಿರುವುದು ಕಾರಣವೇ?

---

ಬೆಸುಗೆಕಡ್ಡಿ:

ಬೂಟ್0 ಅಲ್ಲ. ಈ ಚಿಪ್‌ನಲ್ಲಿ ಬೂಟ್0 ಮತ್ತು ಎಸ್‌ಡಬ್ಲ್ಯೂಸಿಎಲ್‌ಕೆ ಒಂದೇ ಕಾಲು, ಕಾರ್ಖಾನೆಯಿಂದ ಬರುವಾಗ ಆ ಕಾಲಿನ ಮಟ್ಟವನ್ನು ಚಿಪ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಾರಣ ಖಾಲಿ ಪರಿಶೀಲನೆ. ಪವರ್ ಬಂದಾಗ ಚಿಪ್ ಫ್ಲ್ಯಾಶ್‌ನ ಮೊದಲ ಜಾಗ ನೋಡುತ್ತದೆ. ಖಾಲಿ ಇದ್ದರೆ "ಖಾಲಿ" ಎಂಬ ಗುರುತು ಹಾಕಿ ಒಳಗಿನ ಬೂಟ್‌ಲೋಡರ್‌ಗೆ ಹೋಗುತ್ತದೆ. ನೀವು ಆಮೇಲೆ ಫರ್ಮ್‌ವೇರ್ ಬರೆದರೂ ಆ ಗುರುತು ಹಾಗೇ ಇರುತ್ತದೆ. ಸಾಮಾನ್ಯ ರೀಸೆಟ್‌ಗೆ ಅದು ಬದಲಾಗುವುದಿಲ್ಲ, ಪವರ್ ಹೋಗಿ ಬಂದಾಗ ಅಥವಾ ಆಪ್ಷನ್ ಬೈಟ್ (ಚಿಪ್‌ನ ಸೆಟ್ಟಿಂಗ್‌ಗಳು) ಮರುಲೋಡ್ ಆದಾಗ ಮಾತ್ರ ಮತ್ತೆ ಪರಿಶೀಲಿಸುತ್ತದೆ. ಎರಡನೇ ಸಲ ಸರಿ ಹೋಗುವುದು ಅದಕ್ಕೇ.

ಜಿಗ್‌ನಲ್ಲಿ ಪವರ್ ಸ್ವಿಚ್ ಇಡಿ. ಪಿ-ಚಾನೆಲ್ ಮಾಸ್‌ಫೆಟ್ ಒಂದು, ಯುಎಸ್‌ಬಿ-ಸೀರಿಯಲ್ ಅಡಾಪ್ಟರ್‌ನ ಆರ್‌ಟಿಎಸ್ ಸಾಲಿನಿಂದ ನಿಯಂತ್ರಣ. ಸ್ವಿಚ್ ಆದ ಮೇಲೆ ಗ್ರೌಂಡ್‌ಗೆ 100 ಓಮ್, ಕಾಲು ವ್ಯಾಟ್ ರೆಸಿಸ್ಟರ್. ಬೋರ್ಡ್ ಮೇಲೆ 100 ಮೈಕ್ರೊಫ್ಯಾರಡ್ ಇದ್ದರೆ ಸಮಯ ಸ್ಥಿರಾಂಕ 10 ಮಿಲಿಸೆಕೆಂಡ್, 100 ಮಿಲಿಸೆಕೆಂಡ್ ಕಾದರೆ ಪೂರ್ತಿ ಇಳಿಯುತ್ತದೆ. ಆ ರೆಸಿಸ್ಟರ್ ಇಲ್ಲದೆ ಬರೀ ಸ್ವಿಚ್ ತೆಗೆದರೆ ನಿಮ್ಮ ಕಡಿಮೆ ಕರೆಂಟಿನ ಬೋರ್ಡ್ ಕೆಪಾಸಿಟರ್ ಮೇಲೇ ಎಷ್ಟೋ ಸೆಕೆಂಡ್ ಬದುಕಿರುತ್ತದೆ.

ಕಳ್ಳದಾರಿಯಿಂದ ಬರುವ ಪವರ್ ಕೂಡ ಗಮನಿಸಿ. 3.3 ವೋಲ್ಟ್ ತೆಗೆದರೂ ಎಸ್‌ಡಬ್ಲ್ಯೂಡಿ ಸಾಲುಗಳಿಂದಲೋ ಯುಆರ್ಟ್‌ನಿಂದಲೋ ರಕ್ಷಣಾ ಡಯೋಡ್ ಮೂಲಕ ಚಿಪ್‌ಗೆ ಒಂದೆರಡು ವೋಲ್ಟ್ ಹೋಗುತ್ತಿರುತ್ತದೆ, ಪವರ್-ಆನ್ ರೀಸೆಟ್ ಆಗುವುದೇ ಇಲ್ಲ. ಬೋರ್ಡ್‌ನಿಂದ ಕೇಳಿಸಿಕೊಳ್ಳುವ ಸಾಲು ಮಾತ್ರ ಜೋಡಿಸಿ. ಬೋರ್ಡ್‌ಗೆ ಹೇಳುವ ಸಾಲೂ ಬೇಕೆಂದರೆ 1 ಕಿಲೋಓಮ್ ಸರಣಿಯಲ್ಲಿ ಹಾಕಿ. ಸ್ವಿಚ್ ತೆಗೆದಾಗ ಪ್ಯಾಡ್ ಮೇಲೆ ಎಷ್ಟು ವೋಲ್ಟ್ ಉಳಿಯುತ್ತದೆ ಎಂದು ಒಮ್ಮೆ ಮೀಟರ್ ಇಟ್ಟು ನೋಡಿ, 0.3ಕ್ಕಿಂತ ಕೆಳಗಿರಬೇಕು.

ಸ್ಲೀಪ್ ಕರೆಂಟ್ ಅಳೆಯುವ ಯೋಚನೆ ಇದ್ದರೆ ಇದೇ ಸ್ವಿಚ್ ಮತ್ತೆ ಉಪಯೋಗಕ್ಕೆ ಬರುತ್ತದೆ. ಪ್ರೋಗ್ರಾಮರ್ ಸಾಧನ ಡೀಬಗ್ ಬಿಟ್‌ಗಳನ್ನು ಎಬ್ಬಿಸಿ ಹೋಗಿರಬಹುದು, ಸ್ಟಾಪ್ ಮೋಡ್‌ನಲ್ಲೂ ಕ್ಲಾಕ್ ಓಡುತ್ತಿರುತ್ತದೆ. ಸಾಮಾನ್ಯ ರೀಸೆಟ್‌ಗೆ ಅವು ಇಳಿಯುವುದಿಲ್ಲ. ಪವರ್ ತೆಗೆದು ಹಾಕಿದ ಮೇಲೆ ಅಳೆದದ್ದೇ ನಿಜವಾದ ಅಂಕಿ. ಆಗ ಆ 100 ಓಮ್ ರೆಸಿಸ್ಟರ್ ಅಳತೆಯ ಹಾದಿಯ ಹೊರಗಿರಬೇಕು ಎನ್ನುವುದು ಮರೆಯಬೇಡಿ, ಅದೊಂದೇ 33 ಮಿಲಿಆಂಪ್ ಕುಡಿಯುತ್ತದೆ.

---

ತಂತಿಜಾಲ:

ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ, ಕ್ಷಮಿಸಿ. ನನ್ನದು ಎಟಿಮೆಗಾ328ಪಿ 150 ಬೋರ್ಡ್, ಇಎಸ್‌ಪಿ32 ಮಾಡ್ಯೂಲ್ 100 ಬೋರ್ಡ್. ಜಿಗ್ ಇದೇ ರೀತಿ ಸಾಕೇ? ಟ್ಯಾಗ್-ಕನೆಕ್ಟ್ ಕೇಬಲ್ ತೆಗೆದುಕೊಂಡರೆ ಜಿಗ್ ರಗಳೆಯೇ ಇಲ್ಲವಲ್ಲ?

---

ಹೆಕ್ಸ್‌ಕಡತ:

ಟ್ಯಾಗ್-ಕನೆಕ್ಟ್ ಟಿಸಿ2030 ಆರು ಪಿನ್ನಿನದು, ಬೋರ್ಡ್‌ನಲ್ಲಿ ಕನೆಕ್ಟರ್ ಬೆಸೆಯಬೇಕಿಲ್ಲ, ತೂತು ಮತ್ತು ಪ್ಯಾಡ್ ಇದ್ದರೆ ಆಯಿತು. 20–50 ಬೋರ್ಡ್‌ಗೆ, ದುರಸ್ತಿ ಮೇಜಿಗೆ ಬಹಳ ಅನುಕೂಲ. ಕಾಲಿಲ್ಲದ ಮಾದರಿಯನ್ನು ಪ್ರೋಗ್ರಾಂ ಮುಗಿಯುವ ತನಕ ಕೈಯಲ್ಲಿ ಒತ್ತಿ ಹಿಡಿಯಬೇಕು ಅಥವಾ ಹಿಂದಿನಿಂದ ಕ್ಲಿಪ್ ಹಾಕಬೇಕು. 150ಕ್ಕೆ ಕೈ ಸೋಲುತ್ತದೆ, ಕೈ ಅಲುಗಿದರೆ ವೆರಿಫೈ ಸೋಲುತ್ತದೆ. ಕಾಲಿರುವ ಮಾದರಿ ತಾನೇ ಕಚ್ಚಿಕೊಳ್ಳುತ್ತದೆ, ಆದರೆ ಅದರ ತೂತು ಬೋರ್ಡ್‌ನಲ್ಲಿ ಹೆಚ್ಚು ಜಾಗ ತಿನ್ನುತ್ತದೆ.

ಎಟಿಮೆಗಾ328ಪಿ: ಹೊಸ ಚಿಪ್ ಒಳಗಿನ 8 ಮೆಗಾಹರ್ಟ್ಸನ್ನು ಎಂಟರಿಂದ ಭಾಗಿಸಿಕೊಂಡು 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ. ಐಎಸ್‌ಪಿ (ಬೋರ್ಡ್‌ನಲ್ಲೇ ಪ್ರೋಗ್ರಾಂ ಹಾಕುವ ಸಂಪರ್ಕದ) ಕ್ಲಾಕ್ ಅದರ ನಾಲ್ಕನೇ ಒಂದಕ್ಕಿಂತ ಕಡಿಮೆ ಇರಬೇಕು, ಅಂದರೆ 250 ಕಿಲೋಹರ್ಟ್ಸ್‌ಗಿಂತ ಕೆಳಗೆ. ಹಾಗಾಗಿ ಎರಡು ಹಂತ ಮಾಡಿ: ಮೊದಲು 125 ಕಿಲೋಹರ್ಟ್ಸ್‌ನಲ್ಲಿ ಫ್ಯೂಸ್ (ಚಿಪ್‌ನ ಸೆಟ್ಟಿಂಗ್ ಬಿಟ್‌ಗಳು) ಮಾತ್ರ, ಆಮೇಲೆ ಕ್ರಿಸ್ಟಲ್ ಮೇಲೆ ಎದ್ದ ಚಿಪ್‌ಗೆ ವೇಗವಾಗಿ ಫ್ಲ್ಯಾಶ್, ಕಟ್ಟಕಡೆಗೆ ಲಾಕ್ ಬಿಟ್. ಫ್ಯೂಸ್ ಬರೆದ ಕೂಡಲೇ ಚಿಪ್ ಮಾತನಾಡುವುದು ನಿಲ್ಲಿಸಿದರೆ ಆ ಬೋರ್ಡ್‌ನ ಕ್ರಿಸ್ಟಲ್ ಬೆಸುಗೆ ನೋಡಿ. ಅದು ಜಿಗ್ ಕೊಟ್ಟ ಪುಕ್ಕಟೆ ಪರೀಕ್ಷೆ. ರೀಸೆಟ್ ಕಾಲನ್ನು ಸಾಮಾನ್ಯ ಪಿನ್ ಮಾಡುವ ಫ್ಯೂಸ್ ಮಾತ್ರ ಮುಟ್ಟಬೇಡಿ, ಆಮೇಲೆ ಹೈ-ವೋಲ್ಟೇಜ್ ಪ್ರೋಗ್ರಾಮರ್ ಇಲ್ಲದೆ ಒಳಗೆ ಹೋಗಲಾಗದು.

ಎಸ್‌ಪಿಐ ಸಾಲಿನಲ್ಲಿ ರೇಡಿಯೋ ಅಥವಾ ಎಸ್‌ಡಿ ಕಾರ್ಡ್ ಇದ್ದರೆ ಅವುಗಳ ಚಿಪ್ ಸೆಲೆಕ್ಟ್‌ಗೆ 10 ಕಿಲೋಓಮ್ ಪುಲ್-ಅಪ್ ಬೇಕು. ಪ್ರೋಗ್ರಾಂ ಆಗುವಾಗ ಎಟಿಮೆಗಾ ರೀಸೆಟ್‌ನಲ್ಲಿರುತ್ತದೆ, ಅದರ ಕಾಲುಗಳೆಲ್ಲ ತೇಲುತ್ತಿರುತ್ತವೆ. ಪುಲ್-ಅಪ್ ಇಲ್ಲದಿದ್ದರೆ ರೇಡಿಯೋ ಚಿಪ್ ತನ್ನನ್ನೇ ಕರೆದರು ಎಂದುಕೊಂಡು ಮಿಸೋ ಸಾಲನ್ನು (ಉತ್ತರ ಬರುವ ಸಾಲು) ಎಳೆಯುತ್ತದೆ. ಇನ್ನೊಂದು: ನಿಮ್ಮ ಪ್ರೋಗ್ರಾಮರ್ 5 ವೋಲ್ಟಿನದಾಗಿದ್ದು ರೇಡಿಯೋ 3.3 ವೋಲ್ಟಿನದಾದರೆ ಮೊದಲ ಬೋರ್ಡ್‌ನಲ್ಲೇ ರೇಡಿಯೋ ಸುಡಬಹುದು.

ಇಎಸ್‌ಪಿ32ಕ್ಕೆ ಆರು ಪ್ಯಾಡ್: 3.3 ವೋಲ್ಟ್, ಗ್ರೌಂಡ್, ಟಿಎಕ್ಸ್, ಆರ್‌ಎಕ್ಸ್, ಇಎನ್ (ರೀಸೆಟ್), ಐಓ0 (ಬೂಟ್ ಆಯ್ಕೆ). ಬೂಟ್‌ಲೋಡರ್, ಪಾರ್ಟಿಷನ್ ಪಟ್ಟಿ, ಆಪ್ ಮೂರನ್ನೂ ಇಎಸ್‌ಪಿಟೂಲ್‌ನಿಂದ ಒಂದೇ ಕಡತಕ್ಕೆ ಬೆಸೆದು ಸೊನ್ನೆ ವಿಳಾಸದಿಂದ ಬರೆಯಿರಿ. 921600 ಬಾಡ್ ಅಂದರೆ ಸೆಕೆಂಡಿಗೆ ಸುಮಾರು 92 ಕೆಬಿ, 1.2 ಎಂಬಿ ಕಡತಕ್ಕೆ ಕುಗ್ಗಿಸದೆ 13 ಸೆಕೆಂಡ್, ಸಾಧನ ತಾನೇ ಕುಗ್ಗಿಸಿ ಕಳುಹಿಸುವುದರಿಂದ ಅದಕ್ಕಿಂತ ಕಡಿಮೆ. ಪೋಗೊ ಪಿನ್ ಮೂಲಕ ಆ ವೇಗದಲ್ಲಿ ತಡವರಿಸಿದರೆ 460800ಕ್ಕೆ ಇಳಿಸಿ, 100 ಬೋರ್ಡ್‌ಗೆ ಆ ವ್ಯತ್ಯಾಸ ಏನೂ ಅಲ್ಲ. ಸೀರಿಯಲ್ ನಂಬರನ್ನು ಎನ್‌ವಿಎಸ್ (ಸೆಟ್ಟಿಂಗ್ ಉಳಿಸುವ) ಪಾರ್ಟಿಷನ್ ಆಗಿ ಪ್ರತಿ ಬೋರ್ಡ್‌ಗೂ ತಯಾರಿಸುವ ಸಾಧನವನ್ನು ಇಎಸ್‌ಪಿ32 ತಯಾರಿಸುವ ಎಸ್ಪ್ರೆಸಿಫ್ ತನ್ನ ಐಡಿಎಫ್ ಅಭಿವೃದ್ಧಿ ಸಾಧನಗಳ ಜೊತೆಗೇ ಕೊಡುತ್ತದೆ. ಮ್ಯಾಕ್ ವಿಳಾಸ ಚಿಪ್‌ನ ಈಫ್ಯೂಸ್‌ನಲ್ಲಿ (ಒಮ್ಮೆ ಮಾತ್ರ ಬರೆಯುವ ಬಿಟ್‌ಗಳಲ್ಲಿ) ಮೊದಲೇ ಇದೆ.

ಐಓ12 ಸಾಲಿಗೆ ಜಿಗ್‌ನಲ್ಲಿ ಏನನ್ನೂ ಜೋಡಿಸಬೇಡಿ. ಮೊದಲ ತಲೆಮಾರಿನ ಇಎಸ್‌ಪಿ32ರಲ್ಲಿ ಎದ್ದೇಳುವಾಗ ಆ ಕಾಲು ಮೇಲಿದ್ದರೆ ಫ್ಲ್ಯಾಶ್‌ಗೆ 1.8 ವೋಲ್ಟ್ ಹೋಗುತ್ತದೆ, 3.3 ವೋಲ್ಟಿನ ಫ್ಲ್ಯಾಶ್ ಓದಲು ಬರುವುದಿಲ್ಲ. ಬೋರ್ಡ್ ಹಾಳಾಗಿದೆ ಎಂದು ಬದಿಗಿಡುತ್ತೀರಿ, ಜಿಗ್‌ನಿಂದ ತೆಗೆದರೆ ಸರಿಯಾಗಿ ಓಡುತ್ತಿರುತ್ತದೆ.

---

ರೀಸೆಟ್‌ಬಟನ್:

ಪವರ್ ಸ್ವಿಚ್ ಮತ್ತು ರೆಸಿಸ್ಟರ್ ಹಾಕಿದ ಮೇಲೆ ಹೊಸ ಚಿಪ್ ಕೂಡ ಮೊದಲ ಸಲಕ್ಕೇ ಓಡುತ್ತಿದೆ. ಉಳಿದದ್ದು ಒಂದೇ: ಓದದಂತೆ ಬೀಗ ಹಾಕುವುದು ಯಾವ ಹಂತದಲ್ಲಿ? ಚಿಪ್‌ನ ಓದು-ರಕ್ಷಣೆಯ ಮಟ್ಟ 1 ಸಾಕೇ, 2 ಹಾಕಬೇಕೇ?

---

ಮೂರನೇ_ಪಿನ್:

ಮಟ್ಟ 1. ಮಟ್ಟ 2 ಹಾಕಿದರೆ ಡೀಬಗ್ ಪೋರ್ಟ್ ಶಾಶ್ವತವಾಗಿ ಹೋಯಿತು, ಆ ಬೋರ್ಡನ್ನು ನೀವೂ ತೆರೆಯಲಾರಿರಿ. ಬೂಟ್‌ಲೋಡರ್ ಮೂಲಕ ಹೊಸ ಫರ್ಮ್‌ವೇರ್ ಹಾಕುವ ದಾರಿ ಗಟ್ಟಿಯಾಗಿ ಪರೀಕ್ಷೆಯಾಗುವ ತನಕ ಅದರ ಹತ್ತಿರ ಹೋಗಬೇಡಿ. ಮಟ್ಟ 1ರಿಂದ ಸೊನ್ನೆಗೆ ಇಳಿಸಬಹುದು, ಆದರೆ ಇಳಿಸಿದ ಕೂಡಲೇ ಫ್ಲ್ಯಾಶ್ ಅಳಿಯುತ್ತದೆ. ಕೊನೆಯ ಪುಟದ ಸೀರಿಯಲ್, ಕ್ಯಾಲಿಬ್ರೇಷನ್ ಕೂಡ ಹೋಗುತ್ತದೆ, ಆದ್ದರಿಂದ ಕ್ಯಾಲಿಬ್ರೇಷನ್ ಅಂಕಿಗಳನ್ನೂ ಡೇಟಾಬೇಸ್‌ನಲ್ಲಿ ಸೀರಿಯಲ್ ಪಕ್ಕದಲ್ಲಿಡಿ. ದುರಸ್ತಿಯ ಬೋರ್ಡ್ ಬಂದಾಗ ಗುರುತುಸಂಖ್ಯೆ ಓದಿ ಎರಡನ್ನೂ ಮರಳಿ ಬರೆಯಬಹುದು.

ಹಂತಗಳ ಸಾಲು: ಗುರುತುಸಂಖ್ಯೆ ಓದು, ಫರ್ಮ್‌ವೇರ್, ಸೀರಿಯಲ್ ಪುಟ, ವೆರಿಫೈ, ಪವರ್ ತೆಗೆದು ಹಾಕು, ಯುಆರ್ಟ್ ಪರೀಕ್ಷೆ, ಬ್ರೌನ್-ಔಟ್ ಮಟ್ಟ (ವೋಲ್ಟೇಜ್ ಎಷ್ಟಕ್ಕೆ ಇಳಿದರೆ ರೀಸೆಟ್ ಆಗಬೇಕು ಎಂಬುದು) ಮತ್ತು ಬೀಗದ ಆಪ್ಷನ್ ಬೈಟ್ ಒಟ್ಟಿಗೆ, ಮತ್ತೆ ಪವರ್ ತೆಗೆದು ಹಾಕು, ಯುಆರ್ಟ್ ಸಾಲು ಇನ್ನೊಮ್ಮೆ, ಆಮೇಲೆ "ಪಾಸ್" ಮತ್ತು ಲೇಬಲ್. ಬೀಗ ಹಾಕಿದ ಮೇಲೆ ವೆರಿಫೈ ಮಾಡಲು ಹೋದರೆ ಸೋಲುವುದು ಸಹಜ. ಡೀಬಗರ್ ಸಂಪರ್ಕದಲ್ಲಿದ್ದಾಗಲೇ ಮಟ್ಟ 1 ಹಾಕುವುದರಿಂದ ಬರೀ ರೀಸೆಟ್‌ಗೆ ಚಿಪ್ ಎದ್ದೇಳುವುದಿಲ್ಲ, ಎರಡನೇ ಸಲ ಪವರ್ ತೆಗೆಯುವುದು ಅದಕ್ಕೇ. ಕಂತು ಮುಗಿದ ಮೇಲೆ ರಾಶಿಯಿಂದ ಐದು ಬೋರ್ಡ್ ತೆಗೆದು, ಅವುಗಳಿಂದ ಫ್ಲ್ಯಾಶ್ ಓದಲು ನೀವೇ ಪ್ರಯತ್ನಿಸಿ ನೋಡಿ. ಓದಲು ಬಂದರೆ ಆಪ್ಷನ್ ಬೈಟ್ ಹಂತವನ್ನು ಸ್ಕ್ರಿಪ್ಟ್ ಎಲ್ಲೋ ಹಾರಿಸಿದೆ.